ಮಧ್ಯಾಹ್ನದ ನಂತರದ ಸಹಿ

ಅರ್ಧ ದಿನದ ಕೆಲಸ ಕೇಳಿದ್ದು ನಾನೇ. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ಕೈ ಹಿಡಿದು ಬರೆಸಿಕೊಳ್ಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ನಮ್ಮ ಮ್ಯಾನೇಜರನ್ನು ಬೈಯುವವಳಿದ್ದೇನೆ. ಆಗ ನೀವು ಪೂರ್ತಿ ನನ್ನ ಪಕ್ಷ ಹಿಡಿಯಬಾರದು.

ನಂಜನಗೂಡಿನ ಹೊರಗೆ ನೂಲಿಗೆ ಬಣ್ಣ ಹಾಕುವ ಸಣ್ಣದೊಂದು ಕಾರ್ಖಾನೆ. ಅದರ ಲ್ಯಾಬಿನಲ್ಲಿ ನನ್ನದು ಇಪ್ಪತ್ತೊಂದು ವರ್ಷದ ಕೆಲಸ. ಮನೆ ಟಿ. ನರಸೀಪುರದಲ್ಲಿ. ಬೆಳಿಗ್ಗೆ ಏಳರ ಬಸ್ಸು ಹತ್ತಿದರೆ ವಾಪಸು ಮನೆ ಸೇರುವಾಗ ದೀಪ ಹಚ್ಚಿರುತ್ತಾರೆ. ಬಣ್ಣದ ತೊಟ್ಟಿಯ ಕೊಳೆನೀರನ್ನು ಶುದ್ಧ ಮಾಡಿ ಹೊರಗೆ ಬಿಡುವ ಮುಂಚೆ ಅದನ್ನು ಪರೀಕ್ಷೆ ಮಾಡುವುದು ನನ್ನ ಪಾಲಿನ ಕೆಲಸ. ಬೆಳಿಗ್ಗೆ ಹತ್ತಕ್ಕೊಂದು ಸಲ, ಸಂಜೆ ನಾಲ್ಕಕ್ಕೊಂದು ಸಲ. ಹಾಳೆಯಲ್ಲಿ ಅಂಕಿ ತುಂಬಿ, ಕೆಳಗೆ ನಾನು ಸಹಿ ಹಾಕಿ ಕೊಟ್ಟ ಮೇಲೆಯೇ ಹಿಂದಿನ ಗೋಡೆಯ ಹತ್ತಿರದ ವಾಲ್ವ್ ತಿರುಗಿಸಬೇಕು. ಆ ನೀರು ಚರಂಡಿ ಹಿಡಿದು ಹಳ್ಳಕ್ಕೆ, ಹಳ್ಳದಿಂದ ಕಪಿಲೆಗೆ ಸೇರುತ್ತದೆ. ಕಪಿಲೆ ಹರಿದು ನಮ್ಮೂರಿಗೇ ಬರುತ್ತದೆ.

ಹೋದ ವರ್ಷ ನನ್ನ ಗಂಡನಿಗೆ ಲಕ್ವ ಹೊಡೆಯಿತು. ಊರಿನಲ್ಲಿ ಅವರದೊಂದು ಟೈಲರ್ ಅಂಗಡಿ. ಎಡಗೈ ಬಿದ್ದುಹೋಯಿತು, ಎಡಗಾಲು ಎಳೆಯತೊಡಗಿತು. ಬಲಗೈ ಗಟ್ಟಿಯಾಗಿದ್ದರೆ ಸಾಲದೇ ಎಂದು ನೋಡಲು ಬಂದವರೆಲ್ಲ ಸಮಾಧಾನ ಹೇಳಿದರು. ಹೊಲಿಗೆ ಗೊತ್ತಿಲ್ಲದವರ ಮಾತು ಅದು. ಬಟ್ಟೆಯನ್ನು ಸೂಜಿಯ ಕೆಳಗೆ ನೇರ ಹಿಡಿದು ಸಾಗಿಸುವುದೇ ಎಡಗೈ. ವ್ಯಾಯಾಮ ಮಾಡಿಸುವ ಡಾಕ್ಟರು, ದಿನಾ ಮಧ್ಯಾಹ್ನ ಎರಡು ಗಂಟೆಯ ಕಾಲ ಯಾರಾದರೂ ಜೊತೆಗಿದ್ದು ಮಾಡಿಸಬೇಕು, ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಿಸಿ ಮಾಡಿಸಿದರೆ ಇನ್ನೂ ಒಳ್ಳೆಯದು, ಈ ಆರು ತಿಂಗಳು ಬಿಟ್ಟರೆ ಆಮೇಲೆ ಬೆರಳು ಬಿಚ್ಚಿಕೊಳ್ಳುವುದು ಕಷ್ಟ ಎಂದರು. ಮನೆಯಲ್ಲಿರುವುದು ನಾವಿಬ್ಬರೇ. ಹಾಗಾಗಿ ಅರ್ಧ ದಿನ ಕೇಳಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಯೋಚಿಸಿ, ಒಂದು ದಿನ ಕೇಳಿಯೇಬಿಟ್ಟೆ.

ಹೊಸ ಕುರ್ಚಿ ಕೇಳಿದಾಗ ಆರು ತಿಂಗಳು ಅಲೆದಾಡಿಸಿದ್ದ ಮ್ಯಾನೇಜರು ಅವತ್ತು ನನಗೆ ಕಾಫಿ ತರಿಸಿದರು. ನನಗಿಂತ ಚಿಕ್ಕವರು, ಮೈಸೂರಿನಿಂದ ಕಾರಿನಲ್ಲಿ ಬರುವವರು.

"ಒಂದು ತಿಂಗಳು ಟ್ರಯಲ್ ನೋಡೋಣ ಮೇಡಂ. ಒಂದು ಗಂಟೆಗೆ ಹೊರಟುಬಿಡಿ. ಸಂಜೆ ಹಾಳೆಗೆ ಮಾತ್ರ ನಿಮ್ಮ ಸಹಿ ಬೇಕು. ಬೇರೆಯವರಿಗೆ ಅಧಿಕಾರ ಇಲ್ಲ, ನಿಮಗೇ ಗೊತ್ತಲ್ಲ. ಮುಂಚೇನೇ ಹಾಕಿಟ್ಟು ಹೋಗಿ, ಹುಡುಗರು ಟೆಸ್ಟ್ ಮಾಡಿ ಅಂಕಿ ತುಂಬ್ತಾರೆ."

ಇದೇನೂ ಹೊಸದಲ್ಲ. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಲೋಡು ನಿಲ್ಲಬಾರದು, ಶಿಫ್ಟು ನಿಲ್ಲಬಾರದು ಎಂದು ರಜೆ ಹೋಗುವವರು ಒಂದೆರಡು ಖಾಲಿ ಹಾಳೆಗೆ ಸಹಿ ಹಾಕಿಟ್ಟು ಹೋಗುತ್ತಾರೆ. ಹಾಕದಿದ್ದರೆ ಜಂಬ ಎನ್ನುತ್ತಾರೆ. ನಾನೂ ತಂಗಿಯ ಮದುವೆಗೆ ಹೋಗುವಾಗ ಎರಡು ಹಾಕಿದ್ದೆ. ಈ ಸಲ ಇಪ್ಪತ್ತಾರು. ಶನಿವಾರ ಊಟದ ಹೊತ್ತಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟು, ತಿಂಗಳ ಇಪ್ಪತ್ತಾರು ಸಂಜೆಗಳಿಗೂ ಒಂದೇ ಉಸಿರಿನಲ್ಲಿ ಸಹಿ ಹಾಕಿದೆ. ಕೊನೆಕೊನೆಗೆ ಕೈ ತಾನಾಗಿ ಓಡುತ್ತಿತ್ತು. ತಾರೀಖಿನ ಜಾಗ ಖಾಲಿ ಬಿಟ್ಟೆ, ರಜೆಗಿಜೆ ಬಂದರೆ ತೊಂದರೆಯಾಗದಿರಲಿ ಎಂದು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ ಕೂಡ.

ವಾಲ್ವ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ಚಿಕ್ಕಯ್ಯನಛತ್ರದ ಕಡೆಯವರು, ನಾನು ಸೇರಿದಾಗಿನಿಂದಲೂ ಅಲ್ಲೇ ಇದ್ದಾರೆ. ಹಾಳೆಗಳ ಕಟ್ಟು ನೋಡಿ ಅವರ ಮುಖ ಸಣ್ಣದಾಯಿತು.

"ಏನ್ ಮೇಡಮ್ನೋರೆ, ಇಷ್ಟೊಂದ್ ಆಕ್ಬುಟ್ರಾ? ನೀವ್ ಮನೆಗ್ ಓದ್ರೂ ನಿಮ್ ಸೈನು ಇಲ್ಲೇ ಕುಂತಿರ್ತದಲ್ಲ."

"ಒಂದು ತಿಂಗಳು ತಾನೇ," ಎಂದೆ.

"ಉಸಾರು ಕಣ್ರವ್ವ," ಎಂದು ಅವರು ಎದ್ದು ಹೋದರು. ನನಗೆ ಸಿಟ್ಟು ಬಂತು. ಸಂತೋಷದ ಕೆಲಸಕ್ಕೆ ಹೊರಟಾಗ ಅಪಶಕುನ ನುಡಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಮೊದಲ ವಾರ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು. ಮೂರೂವರೆಗೆ ಇಬ್ಬರೂ ಮೆಲ್ಲಗೆ ಕಪಿಲೆಯ ಮೆಟ್ಟಿಲಿಗೆ ಇಳಿಯುತ್ತಿದ್ದೆವು. ಬೇಸಿಗೆ, ನೀರು ಕಡಿಮೆ, ಹರಿವು ನಿಧಾನ. ಅವರನ್ನು ಸೊಂಟದ ಮಟ್ಟಕ್ಕೆ ನಿಲ್ಲಿಸಿ, ಹಿಂದಿನಿಂದ ನಾನು ಹಿಡಿದುಕೊಂಡು, ಎಡಗೈಯ ಬೆರಳನ್ನು ನೀರಿನೊಳಗೆ ಒಂದೊಂದಾಗಿ ಬಿಡಿಸುತ್ತಿದ್ದೆ. ಎಂಟನೆಯ ದಿನ ತೋರುಬೆರಳು ತಾನಾಗಿ ಅಲುಗಿತು.

"ನೋಡ್ದಾ? ಬತ್ತದೆ ಕಣೆ, ಬತ್ತದೆ. ದೀಪಾವಳಿಗೆ ನಿನ್ ರವಿಕೆ ನಾನೇ ಒಲೀತೀನಿ," ಎಂದರು. ನಾನು ನೀರಿನಲ್ಲೇ ನಿಂತು ಅತ್ತುಬಿಟ್ಟೆ.

ಹನ್ನೊಂದನೆಯ ದಿನಕ್ಕೆ ಅವರ ಕಾಲು ಕೆಂಪಾಯಿತು. ತುರಿಕೆ, ಸಣ್ಣ ಸಣ್ಣ ಗುಳ್ಳೆ. ಪಾದದಿಂದ ಸೊಂಟದವರೆಗೆ ಬಂದು, ನೀರು ಮುಟ್ಟುತ್ತಿದ್ದ ಮಟ್ಟದಲ್ಲೇ ನಿಂತಿತ್ತು. ಮೇಲೆ ಏನೂ ಇರಲಿಲ್ಲ. ನನ್ನ ಕಾಲಿಗೂ ಸ್ವಲ್ಪ ಬಂದಿತ್ತು. ಔಷಧಿ ಅಂಗಡಿಯವರು ಸೆಖೆಗೆ ಎಂದರು. ಇದ್ದರೂ ಇರಬಹುದು. ಹೊಳೆಗೆ ನೂರು ಚರಂಡಿ ಬಂದು ಸೇರುತ್ತವೆ, ಯಾರ ನೀರು ಯಾವುದೆಂದು ಹೇಳಲು ಬರುವುದಿಲ್ಲ. ನಮ್ಮ ಕಾರ್ಖಾನೆಯ ನೀರು ಇಷ್ಟು ದೂರ ಬರುವಷ್ಟರಲ್ಲಿ ಏನು ಉಳಿದಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಅವತ್ತಿನಿಂದ ಅವರನ್ನು ನೀರಿಗೆ ಇಳಿಸಲಿಲ್ಲ.

ಕೆಲಸದ ದಿನಗಳ ಲೆಕ್ಕದಲ್ಲಿ ಹದಿನೈದನೆಯ ದಿನ ಬೆಳಿಗ್ಗೆ, ಯಾರೂ ಬರುವ ಮುಂಚೆ, ಸಂಜೆಯ ಹಾಳೆಗಳ ಫೈಲು ತೆಗೆದೆ. ಹದಿನಾಲ್ಕು ಸಂಜೆ, ಹದಿನಾಲ್ಕು ಹಾಳೆ. ಅಂಕಿಗಳೆಲ್ಲ ಮುದ್ದಾಗಿದ್ದವು, ಎಲ್ಲವೂ ಮಿತಿಯೊಳಗೆ. ನೀರಿನ ಹುಳಿಯನ್ನು ಅಳೆಯುವ ಮೀಟರಿನ ಅಂಕಿ ಪ್ರತಿ ದಿನವೂ ಎರಡು ದಶಮಾಂಶದವರೆಗೆ ಬರೆದಿತ್ತು. ಫೈಲನ್ನು ಮತ್ತೆ ಮೊದಲಿನಿಂದ ತಿರುವಿ ನೋಡಿದೆ. ಆ ಮೀಟರಿನ ಗಾಜಿನ ಕಡ್ಡಿ ಒಡೆದು ಒಂಬತ್ತು ದಿನವಾಗಿತ್ತು. ಹೊಸದು ಬರುವವರೆಗೆ ಬೆಳಿಗ್ಗೆ ನಾನು ಬಣ್ಣ ಬದಲಿಸುವ ಕಾಗದದ ಪಟ್ಟಿ ಅದ್ದಿ ನೋಡುತ್ತಿದ್ದೆ. ಪಟ್ಟಿಯಲ್ಲಿ ಏಳೋ ಎಂಟೋ ಎಂದು ಮಾತ್ರ ತಿಳಿಯುತ್ತದೆ, ದಶಮಾಂಶ ತಿಳಿಯುವುದಿಲ್ಲ. ಆದರೆ ಒಡೆದ ಮೀಟರು ಸಂಜೆಯಾದರೆ ಏಳು ಬಿಂದು ಎರಡು ನಾಲ್ಕು ತೋರಿಸುತ್ತಿತ್ತಂತೆ. ಅದರ ಕೆಳಗೆ ನನ್ನ ಸಹಿ.

ಹಿರಿಯರನ್ನು ವಾಲ್ವಿನ ಹತ್ತಿರ ಹೋಗಿ ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ.

"ಸಂಜೆಗೆ ನೀರ್ ತಕ್ಕೊಳಾಕೆ ಯಾರೂ ಬರಾಕಿಲ್ಲ ಕಣ್ರವ್ವ. ಆಳೆ ತೋರುಸ್ತಾರೆ, ನಿಮ್ ಸೈನ್ ಇರ್ತದೆ, ನಾನು ತಿರುಗುಸ್ತೀನಿ. ನಾ ಏನ್ ಮಾಡ್ಲಿ ಏಳಿ."

ಮ್ಯಾನೇಜರ ಬಾಗಿಲು ತಳ್ಳಿಕೊಂಡು ಹೋದೆ. ಅರ್ಧ ದಿನ ಬೇಡ, ಇವತ್ತಿನಿಂದಲೇ ಪೂರ್ತಿ ದಿನ ಬರುತ್ತೇನೆ, ಉಳಿದ ಹಾಳೆ ವಾಪಸು ಕೊಡಿ ಎಂದೆ. ನನ್ನ ಧ್ವನಿ ಕಾರಿಡಾರಿಗೆಲ್ಲ ಕೇಳಿಸಿತಂತೆ. ಕೇಳಿಸಲಿ. ಆ ಮನುಷ್ಯ ಒಂದು ಚೂರೂ ಗಾಬರಿಯಾಗಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾದದ್ದು. ಡ್ರಾಯರ್ ಎಳೆದು ಹಾಳೆಗಳನ್ನು ಮೇಜಿನ ಮೇಲಿಟ್ಟರು. ಅಲ್ಲೇ ನಿಂತು ಎಣಿಸಿದೆ. ಇಪ್ಪತ್ತಾರರಲ್ಲಿ ಹದಿನಾಲ್ಕು ಹೋದರೆ ಹನ್ನೆರಡಿರಬೇಕು. ಒಂಬತ್ತಿದ್ದವು.

"ಇನ್ನು ಮೂರು?"

"ಬರೀವಾಗ ತಪ್ಪಾಗಿರುತ್ತೆ, ಹರಿದು ಹಾಕಿರ್ತಾರೆ ಮೇಡಂ," ಎಂದರು. ಆಮೇಲೆ ನಕ್ಕು, "ಯಜಮಾನರ ಕೈ ಹೇಗಿದೆ?" ಎಂದು ಕೇಳಿದರು.

ದೂರು ಕೊಡಬಹುದಿತ್ತು ಎನ್ನುತ್ತೀರಿ. ಯಾರ ಮೇಲೆ ಕೊಡಲಿ? ಹದಿನಾಲ್ಕು ಸುಳ್ಳಿನ ಕೆಳಗೂ ಇರುವುದು ನನ್ನ ಸಹಿ. ನನಗೆ ಧೈರ್ಯ ಸಾಲಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಈಗ ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ನಾನೇ ಕ್ಯಾನು ಹಿಡಿದು ತೊಟ್ಟಿಗೆ ಹೋಗುತ್ತೇನೆ. ನೀರು ಕೆಟ್ಟಿದ್ದ ದಿನ ಸಹಿ ಹಾಕುವುದಿಲ್ಲ, ವಾಲ್ವ್ ತಿರುಗುವುದಿಲ್ಲ. ಮನೆಯಲ್ಲಿ ಅವರು ಮಧ್ಯಾಹ್ನ ಒಬ್ಬರೇ ಬಕೆಟ್ಟಿನ ನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತಾರೆ. ತೋರುಬೆರಳು ಬಿಟ್ಟರೆ ಬೇರೆ ಬೆರಳು ಬಿಚ್ಚಿಕೊಳ್ಳಲಿಲ್ಲ. ಡಾಕ್ಟರು ಹೇಳಿದ ಆರು ತಿಂಗಳು ಮುಗಿಯಿತು.

ಮೊನ್ನೆ ಮೈಸೂರಿನ ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು. "ಒಂದಿನ ರಜಾ ಆಕು, ಒಟ್ಟಿಗೆ ಓಗ್ಬರನ," ಎಂದರು. ಆಗುವುದಿಲ್ಲ ಎಂದೆ. ಯಾಕೆ ಎಂದು ಹೇಳಲಿಲ್ಲ. ನಾನು ಕಾರ್ಖಾನೆಯಲ್ಲಿದ್ದು, ನಿಜವಾದ ಹಾಳೆ ಬರೆದು ಫೈಲಿಗೆ ಹಾಕಿದ ದಿನಕ್ಕೆ ಇನ್ನೊಂದು ಹಾಳೆ ಹುಟ್ಟಲಾರದು. ನಾನು ಹೋಗದ ದಿನಕ್ಕೆ ಹುಟ್ಟಬಹುದು. ಸಿಗದೆ ಹೋದ ಆ ಮೂರು ಹಾಳೆಯಲ್ಲಿ ನನ್ನ ಸಹಿ ಇದೆ, ತಾರೀಖು ಹಾಕಿಲ್ಲ. ಅವರು ಬಲಗೈಯಲ್ಲಿ ಎಡಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಬ್ಬರೇ ಮೈಸೂರಿಗೆ ಹೋದರು. ನಾನು ನಂಜನಗೂಡಿನ ಬಸ್ಸು ಹತ್ತಿದೆ.