ಕಿಡಕ್ಯಾಗ ನಿಂತೋರು ಒಳಗ ಬರ್ರಿ

ಕಬ್ಬಿಣಕ್ಕೂ ಒಂದು ವಾಸನೆಯಿದೆ ಎಂದರೆ ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಆದರೆ ಒಮ್ಮೆ ಕಿಟಕಿಯ ಸರಳನ್ನು ಸ್ವಲ್ಪ ಹೊತ್ತು ಗಟ್ಟಿಯಾಗಿ ಹಿಡಿದು, ಬೆವೆತ ಅಂಗೈಯನ್ನು ಮೂಗಿನ ಹತ್ತಿರ ತಂದು ನೋಡಿ, ಆಮೇಲೆ ಮಾತಾಡೋಣ. ಹಡಗಲಿಯಲ್ಲಿ ನಾನು ಕೆಲಸ ಮಾಡುವ ರಕ್ತ ಪರೀಕ್ಷೆಯ ಲ್ಯಾಬಿಗೆ ರಸ್ತೆಯ ಕಡೆ ಒಂದು ಕಿಟಕಿಯಿದೆ. ಡಾಕ್ಟರ ಚೀಟಿ ಇಸಿದುಕೊಳ್ಳುವುದು, ರಿಪೋರ್ಟ್ ಕೊಡುವುದು ಎಲ್ಲ ಅಲ್ಲಿಂದಲೇ. ದಿನಾ ಬೆಳಿಗ್ಗೆ ಅದರ ಕದ ತೆಗೆಯುವಾಗ ಸರಳಿಗೆ ಕೈ ತಾಗುತ್ತದೆ, ವಾಸನೆ ಅಂಗೈಗೆ ಅಂಟುತ್ತದೆ, ನಾನು ಒಂದು ಗಳಿಗೆ ಹಡಗಲಿ ಬಿಟ್ಟು ಕೊಟ್ಟೂರಿಗೆ ಹೋಗಿ ಬರುತ್ತೇನೆ. ಬಸ್ಸಿಗಾಗಿ ಕಾಯುವ ರಗಳೆಯಿಲ್ಲದ ಪ್ರಯಾಣ.

ಕೊಟ್ಟೂರು ನನ್ನ ತವರು. ಅಪ್ಪ ಮಾರ್ಕೆಟ್ಟಿನಲ್ಲಿ ಹಮಾಲಿ, ಅವ್ವ ಶೇಂಗಾ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಓಣಿಯಲ್ಲಿ ಟಿವಿ ಇರಲಿಲ್ಲ. ಓಣಿ ಮುಗಿಯುವಲ್ಲಿ ಪಾರ್ವತಮ್ಮನವರ ದೊಡ್ಡ ಮನೆ, ಅವರದು ಬಟ್ಟೆ ವ್ಯಾಪಾರ. ಆ ಮನೆಯ ಪಡಸಾಲೆಯಲ್ಲಿ ಟಿವಿ, ಪಡಸಾಲೆಗೆ ಓಣಿಯ ಕಡೆ ಒಂದು ಕಿಟಕಿ, ಆ ಕಿಟಕಿಯ ಹೊರಗೆ ನಾವು. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ನಮ್ಮ ಓಣಿಯವರು ಆ ಮನೆಯ ಹೊಸ್ತಿಲಾಚೆಯೇ ನಿಂತು ಮಾತಾಡಿಸಿ ಬರುವವರು ಎಂಬುದು ಹುಟ್ಟುತ್ತಲೇ ಗೊತ್ತಿರುತ್ತಿತ್ತು. ಕಿಟಕಿಯ ಕೆಳಗೆ ಒಂದು ಕಲ್ಲು. ಆ ಕಲ್ಲಿನ ಮೇಲೆ ಮೊದಲು ಹತ್ತಿದವರಿಗೆ ಟಿವಿ ಪೂರ್ತಿ, ಉಳಿದವರಿಗೆ ಬರೀ ದನಿ. ನಾನು ಬೆಳಗಾಗುವ ಮೊದಲೇ ಹೋಗಿ ಕಲ್ಲು ಹಿಡಿಯುತ್ತಿದ್ದೆ. ಅಷ್ಟು ಮುತುವರ್ಜಿಯನ್ನು ಓದಿನಲ್ಲಿ ತೋರಿಸಿದ್ದರೆ ನಾನೇ ಡಾಕ್ಟರಾಗಿ ಚೀಟಿ ಬರೆಯುತ್ತಿದ್ದೆನೋ ಏನೋ!

ಊರಿಗೆ ಆಗತಾನೆ ಕೇಬಲ್ ಬಂದಿತ್ತು. ಅದನ್ನು ನಡೆಸುತ್ತಿದ್ದವನು ಬಸಣ್ಣ, ಎಲ್ಲರ ಬಾಯಲ್ಲಿ ಕೇಬಲ್ ಬಸಣ್ಣ. ಅವನ ವೈರಿನಲ್ಲಿ ದಿಲ್ಲಿ, ಬೆಂಗಳೂರಿನ ಚಾನೆಲ್ಲುಗಳ ಜೊತೆಗೆ ನಮ್ಮೂರಿನದೇ ಒಂದು ಚಾನೆಲ್ ಬರುತ್ತಿತ್ತು. ವಾರವೆಲ್ಲ ಅದರಲ್ಲಿ ಯಾರದೋ ಮದುವೆಯ ವಿಡಿಯೋ, ಸೀರೆ ಅಂಗಡಿಯ ಜಾಹೀರಾತು, ಕಳೆದುಹೋದ ಎಮ್ಮೆಯ ಗುರುತು. ಭಾನುವಾರ ಬೆಳಿಗ್ಗೆ ಮಾತ್ರ ಗಿರಿಜಕ್ಕ.

ಗಿರಿಜಕ್ಕ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು. ಅವಳ ಮಾತಿನ ಓಟ ಕೇಳಿ ಬಸಣ್ಣ ಕರೆತಂದು ಕ್ಯಾಮೆರಾದ ಮುಂದೆ ಕೂರಿಸಿದ್ದ. ಹಿಂದೆ ನವಿಲಿನ ಚಿತ್ರದ ಒಂದು ಚಾದರ, ಮುಂದೆ ಕಬ್ಬಿಣದ ಕುರ್ಚಿ, ಕುರ್ಚಿಯಲ್ಲಿ ದಪ್ಪ ಕನ್ನಡಕದ, ಸದಾ ಸೆರಗು ಸೊಂಟಕ್ಕೆ ಸಿಕ್ಕಿಸಿದ ಗಿರಿಜಕ್ಕ. ಅವಳ ಕಥೆಯನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡು ಹಾಕುವ ವ್ಯವಸ್ಥೆ ಬಸಣ್ಣನಲ್ಲಿ ಇರಲಿಲ್ಲ, ಎಲ್ಲ ನೇರ ಪ್ರಸಾರ. ಅವಳು ಕೆಮ್ಮಿದರೆ ಊರೆಲ್ಲ ಕೇಳುತ್ತಿತ್ತು. ಕಥೆಯೆಲ್ಲ ಅವಳದೇ. ಕೂಡ್ಲಿಗಿ ಬಸ್ಸು ಹತ್ತಲೇಬೇಕೆಂದು ಹಟ ಹಿಡಿದ ಒಂದು ಕತ್ತೆಯ ಕಥೆ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ನಡೆಯಿತು. ಕತ್ತೆ ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ತಪ್ಪಿಸಿಕೊಂಡಿತು, ಇಟ್ಟಿಗಿಯಲ್ಲಿ ಮದುವೆಯ ಊಟ ಮಾಡಿತು, ಮೈಲಾರದ ಹತ್ತಿರ ಹೊಳೆಯಲ್ಲಿ ಮುಖ ನೋಡಿಕೊಂಡು ತಾನು ಚಂದವಿದ್ದೇನೆ ಎಂದುಕೊಂಡಿತು. ದೇಶದ ಇನ್ಯಾವ ಟಿವಿಯಲ್ಲಿ ಹಗರಿಬೊಮ್ಮನಹಳ್ಳಿ ಸಂತೆಗೆ ಕತ್ತೆ ಹೋಗಿತ್ತು, ನೀವೇ ಹೇಳಿ.

ಹರಪನಹಳ್ಳಿಯಿಂದ ಬಂದ ನನ್ನ ಚಿಕ್ಕಮ್ಮನ ಮಗಳು ಒಮ್ಮೆ ಮೂಗು ಮುರಿದಳು. "ನಮ್ಮೂರಲ್ಲೂ ಕೇಬಲ್ ಐತೆ ಕಣೆ. ಬೇಕಾದಷ್ಟು ಕಾರ್ಟೂನ್ ಬರ್ತವೆ."

"ಬರ್ತಾವ ಖರೆ. ನಿಮ್ಮ ಟಿವಿ ನಿಮ್ಮನ್ನ ಮಾತಾಡಸತೈತೇನು?" ಎಂದೆ.

ಆ ಗೆಲುವಿನ ಸುಖ ಇನ್ನೂ ನನ್ನಲ್ಲಿ ಸ್ವಲ್ಪ ಉಳಿದಿದೆ.

ನಾವು ಟಿವಿಯನ್ನು ನೋಡುವಂತೆ ಟಿವಿಯೂ ನಮ್ಮನ್ನು ನೋಡುತ್ತದೆ ಎಂಬುದರಲ್ಲಿ ನಮಗೆ ಯಾರಿಗೂ ಅನುಮಾನವಿರಲಿಲ್ಲ. ಅದಕ್ಕೆ ಕಾರಣ ಗಿರಿಜಕ್ಕನೇ. ಕಥೆ ಹೇಳುತ್ತ ಹೇಳುತ್ತ ಥಟ್ಟನೆ ನಿಲ್ಲಿಸಿ, "ಏ, ಹಿಂದ ಕುಂತೋನ, ಮೊದಲ ಮೂಗು ಒರಸ್ಕೊ" ಅನ್ನುತ್ತಿದ್ದಳು. ಹಿಂದೆ ಕೂತ ಒಬ್ಬ ಮೂಗು ಸೋರುವವನು ಯಾವ ಮನೆಯಲ್ಲಿ ಇರುವುದಿಲ್ಲ? ಇಡೀ ಊರಿನ ಅಂಗಿ ತೋಳುಗಳು ಒಂದೇ ಸಲಕ್ಕೆ ಮೂಗಿಗೆ ಏರುತ್ತಿದ್ದವು. ನಾನು ಭಾನುವಾರ ತಪ್ಪದೆ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಹೋಗುತ್ತಿದ್ದೆ. ನನ್ನ ತಮ್ಮನಿಗೆ ಒಂದಕ್ಕೆ ಬಂದರೆ ಕಿಟಕಿಯಿಂದಲೇ ಬೆರಳೆತ್ತಿ ಟಿವಿಯ ಅಪ್ಪಣೆ ಕೇಳಿ, ಅವಳು ತಲೆ ಆಡಿಸುವವರೆಗೆ ಕಾಯುತ್ತಿದ್ದ. ಕಥೆ ಹೇಳುವವರು ಯಾವಾಗಲಾದರೂ ತಲೆ ಆಡಿಸಲೇಬೇಕಲ್ಲ, ಹಾಗಾಗಿ ಎಂದೂ ಅನಾಹುತವಾಗಲಿಲ್ಲ. ಮನೆಯಲ್ಲೂ ಅದೇ ಕಾನೂನು. ಉಗುರು ಯಾಕೆ ಕತ್ತರಿಸಿದೆ, ನಾಯಿಗೆ ಯಾಕೆ ನೀರಿಟ್ಟೆ ಎಂದು ಯಾರಾದರೂ ಕೇಳಿದರೆ ನಮ್ಮ ಹತ್ತಿರ ಒಂದೇ ಉತ್ತರ, "ಗಿರಿಜಕ್ಕ ಹೇಳ್ಯಾಳ." ಅದರ ಮುಂದೆ ಅಪ್ಪನ ಮಾತೂ ನಡೆಯುತ್ತಿರಲಿಲ್ಲ.

ಇಂಥ ಒಂದು ಬೇಸಿಗೆಯ ಭಾನುವಾರ. ಬೆಳಿಗ್ಗೆಯೇ ಬಿಸಿಲು ಬೆನ್ನು ಸುಡುತ್ತಿತ್ತು. ಕತ್ತೆ ಕೊನೆಗೂ ಬಸ್ಸಿನ ಬಾಗಿಲಿಗೆ ಮುಂಗಾಲು ಇಟ್ಟಿತ್ತು, ಕಂಡಕ್ಟರ್ ಸೀಟಿ ಊದಬೇಕು. ಆಗ ಗಿರಿಜಕ್ಕ ಕಥೆ ನಿಲ್ಲಿಸಿ, ನೆಟ್ಟಗೆ ನಮ್ಮನ್ನೇ ನೋಡಿದಳು.

"ಏ, ಕಿಡಕ್ಯಾಗ ನಿಂತೋರು, ಒಳಗ ಬರ್ರಿ. ಬಿಸಲಾಗ ಎಷ್ಟೊತ್ತು ನಿಲ್ತೀರಿ? ನೀವು ಬಂದು ಕುಂತ ಮ್ಯಾಲ ಕಥಿ ಮುಂದ ಹೇಳ್ತೀನಿ."

ಅಷ್ಟು ಹೇಳಿ ಸುಮ್ಮನೆ ಕೂತಳು. ನಾನು ಸರಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ. ಒಳಗೆ ಕೂತವರೆಲ್ಲ ತಿರುಗಿ ಕಿಟಕಿಯನ್ನು ನೋಡಿದರು. ಟಿವಿಯಲ್ಲಿ ಗಿರಿಜಕ್ಕ ಕಾಯುತ್ತಿದ್ದಳು, ಬಸ್ಸಿನ ಬಾಗಿಲಲ್ಲಿ ಕತ್ತೆ ಕಾಯುತ್ತಿತ್ತು. ಪಾರ್ವತಮ್ಮನವರ ಮಗಳು ಸುಮಾ, ನನ್ನ ಕ್ಲಾಸಿನವಳು, ತಡೆಯಲಾರದೆ ಎದ್ದು ಓಡಿಬಂದು ಬಾಗಿಲು ತೆಗೆದಳು.

"ಬರ್ರೆಲೇ ಲಗೂನ! ಅಕ್ಕ ಕರಿಯಾಕತ್ಯಾಳ. ನೀವು ಬರಲಿಲ್ಲಂದ್ರ ಕಥಿ ಹೇಳಂಗಿಲ್ಲ ಅಕಿ!"

ಗದ್ದಲ ಕೇಳಿ ಪಾರ್ವತಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಬಂದರು. ನಮ್ಮನ್ನು ನೋಡಿದರು, ಟಿವಿಯನ್ನು ನೋಡಿದರು. ಗಿರಿಜಕ್ಕ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಟಿವಿಯಲ್ಲಿ ಕೂತ ಹೆಂಗಸು ನಿಮ್ಮ ಪಡಸಾಲೆಯನ್ನೇ ನೋಡುತ್ತಿರುವಾಗ ಮಕ್ಕಳನ್ನು ಹೊರಗೆ ಅಟ್ಟುವುದು ಹೇಗೆ? "ಹೂಂ, ಕಾಲು ತೊಳಕೊಂಡು ಬರ್ರಿ" ಅಂದರು. ನಾವು ಕಾಲು ತೊಳೆದು, ಹೊಸ್ತಿಲು ದಾಟಿ, ಆ ತಣ್ಣನೆಯ ನೆಲದ ಮೇಲೆ ಕೂತೆವು. ನಾವು ಕೂತದ್ದೇ ತಡ, "ಹಾಂ, ಈಗ ಚಂದಾತು" ಎಂದಳು ಗಿರಿಜಕ್ಕ. ಕಂಡಕ್ಟರ್ ಸೀಟಿ ಊದಿದ. ಆ ಕಥೆಯಲ್ಲಿ ಮುಂದೆ ಏನಾಯಿತು ಎಂದು ನನಗೆ ನೆನಪಿಲ್ಲ. ಆ ನೆಲದ ತಂಪು ಮಾತ್ರ ಇವತ್ತಿಗೂ ಕಾಲಲ್ಲಿದೆ.

ಸೋಮವಾರ ಶಾಲೆಗೆ ಹೋದರೆ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಕಿಟಕಿಯಿದ್ದ ಮನೆಗಳಲ್ಲೆಲ್ಲ ಇದೇ ನಡೆದಿತ್ತು. ಆದರೆ ದೊಡ್ಡವರ ಸುದ್ದಿ ಬೇರೆಯೇ ಇತ್ತು. ಕೆಲವು ಮನೆಯವರು ಬಸಣ್ಣನ ಆಫೀಸಿಗೇ ಹೋಗಿ, "ನಮ್ಮ ಮನ್ಯಾಗ ಯಾರು ಬರಬೇಕು ಅಂತ ಅಕಿ ಹೇಳ್ತಾಳೇನು? ನಿನ್ನ ವೈರ್ ನೀನ ಸುತ್ತಿಗೊಂಡು ಹೋಗು" ಎಂದು ಕೂಗಾಡಿದ್ದರು. ಬಸಣ್ಣ ಗಿರಿಜಕ್ಕನಿಗೆ ಕಡ್ಡಿ ಮುರಿದಂತೆ ಹೇಳಿದನಂತೆ, ಇನ್ನೊಮ್ಮೆ ಆ ಮಾತು ಬಂದರೆ ಅವಳ ಕಾರ್ಯಕ್ರಮ ಅವತ್ತಿಗೇ ಬಂದ್ ಎಂದು. ಓಣಿಯ ನಲ್ಲಿಯ ಹತ್ತಿರ ಅವ್ವನೇ ಇದನ್ನು ಕೇಳಿಕೊಂಡು ಬಂದು, "ಪಾಪ, ಇನ್ನ ಹೇಳಂಗಿಲ್ಲ ಬಿಡು ಅಕಿ" ಎಂದಳು. ನಾನು ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಅವಳು ಆ ಮಾತು ಹೇಳದಿದ್ದರೆ ನಾವು ಮತ್ತೆ ಕಲ್ಲಿನ ಮೇಲೆ, ಹೇಳಿದರೆ ಅವಳೇ ಇಲ್ಲ. ಯಾವುದು ಆಗಲಿ ಎಂದು ದೇವರಿಗೆ ಬೇಡಿಕೊಳ್ಳಬೇಕು ಎಂಬುದೇ ತಿಳಿಯುತ್ತಿರಲಿಲ್ಲ.

ಮುಂದಿನ ಭಾನುವಾರ ನಾವು ಮತ್ತೆ ಕಿಟಕಿಯಲ್ಲೇ ನಿಂತೆವು. ಕರೆಯದೆ ಒಳಗೆ ಹೋಗುವ ಧೈರ್ಯ ಯಾರಿಗಿತ್ತು? ನವಿಲಿನ ಚಾದರ ಬಂತು, ಗಿರಿಜಕ್ಕ ಬಂದಳು. ಅವತ್ತು ಅವಳು ನಗಲಿಲ್ಲ. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

"ಕಥಿ ಆಮ್ಯಾಲ. ಕಿಡಕ್ಯಾಗ ನಿಂತೋರು ಒಳಗ ಬರ್ರಿ. ಒಳಗ ಕುಂತೋರು ಸರದು ಜಾಗ ಬಿಡ್ರಿ. ನಾ ಕಾಯ್ತೀನಿ."

ಕಾದಳು. ಆ ಸಲ ಸುಮಾ ಏಳುವ ಮೊದಲೇ ಬಾಗಿಲು ತೆರೆಯಿತು. ತೆರೆದವರು ಪಾರ್ವತಮ್ಮ. "ಬರ್ರವ್ವ, ಬಂದು ಕುಂದರ್ರಿ. ಅಕಿ ಹಿಂಗ ಬಾಯಿ ಮುಚಗೊಂಡು ಕುಂತ್ರ ನಾ ಒಲಿ ಮುಂದ ಏನು ಕೇಳಬೇಕು?" ಎಂದು ಗದರಿಸಿದರು. ವರ್ಷವೆಲ್ಲ ಅಡುಗೆಮನೆಯಿಂದ ಕತ್ತೆಯ ಕಥೆ ಕೇಳುತ್ತಿದ್ದ ಇನ್ನೊಬ್ಬರು ಆ ಮನೆಯಲ್ಲಿ ಇದ್ದರು ಎಂದು ನಮಗೆ ಗೊತ್ತಾದದ್ದು ಆಗಲೇ. ಎಲ್ಲ ಮನೆಗಳ ಬಾಗಿಲೂ ತೆರೆದವು ಎಂದು ನಾನು ಹೇಳಲಾರೆ. ಕೆಲವರು ಕಿಟಕಿಗೆ ಪರದೆ ಹಾಕಿಸಿದರು, ಒಂದೆರಡು ಮನೆಯವರು ವೈರನ್ನೇ ತೆಗೆಸಿದರು. ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಗಿರಿಜಕ್ಕ ಪ್ರತಿ ವಾರ ಆ ಮಾತಿನಿಂದಲೇ ಶುರು ಮಾಡುತ್ತಿದ್ದಳು. ಮನೆಗೊಂದು ಡಿಶ್ ಬಂದು ಬಸಣ್ಣನ ವೈರುಗಳನ್ನು ಯಾರೂ ಕೇಳದಂತಾಗುವವರೆಗೂ ನಾವು ಆ ನೆಲದ ಮೇಲೆ ಕೂತೇ ನೋಡಿದೆವು. ಈಗಲೂ ಯಾರಾದರೂ ನಿಮ್ಮೂರಿನಲ್ಲಿ ಏನು ವಿಶೇಷ ಎಂದು ಕೇಳಿದರೆ ನನಗೆ ಮೊದಲು ಹೇಳಬೇಕೆನಿಸುವುದು ಇದನ್ನೇ. ನಮ್ಮೂರ ಟಿವಿಗೆ ಕಣ್ಣಿತ್ತು.

ನನ್ನ ಕೆಲಸ ಮಕ್ಕಳಿಗೆ ಕಥೆ ಹೇಳುವುದಲ್ಲ, ಸೂಜಿ ಚುಚ್ಚುವುದು. ಗಿರಿಜಕ್ಕನನ್ನು ಕಂಡು ಊರ ಮಕ್ಕಳು ನಗುತ್ತಿದ್ದರೆ ನನ್ನನ್ನು ಕಂಡ ಮಕ್ಕಳು ಬಾಗಿಲಲ್ಲೇ ರಾಗ ತೆಗೆಯುತ್ತವೆ. ಈಚೆಗೆ ಒಂದು ಬೆಳಿಗ್ಗೆ ಹಾಗೇ ಒಬ್ಬ ಹುಡುಗ ಲ್ಯಾಬು ಹಾರಿಹೋಗುವಂತೆ ಅರಚುತ್ತಿದ್ದ. ಕಿಟಕಿಯ ಹೊರಗಿನಿಂದ ಒಂದು ಮುದಿ ದನಿ ಬಂತು.

"ಏ, ಅಳೋನ, ಮೊದಲ ಮೂಗು ಒರಸ್ಕೊ. ಆಮ್ಯಾಲ ಅಳವಂತಿ."

ಹುಡುಗನಿಗಿಂತ ಮೊದಲು ನನ್ನ ಕೈ ಮೂಗಿಗೆ ಹೋಗಿತ್ತು. ತಲೆಯೆತ್ತಿ ನೋಡಿದರೆ ಸರಳಿನಾಚೆ ದಪ್ಪ ಕನ್ನಡಕ, ನೆರೆತ ಕೂದಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಸಕ್ಕರೆ ಕಾಯಿಲೆಯ ಚೀಟಿ. ಟಿವಿಯಲ್ಲಿ ಇದ್ದಷ್ಟು ದಿನ ನಾವೆಲ್ಲ ಏಕವಚನದಲ್ಲಿ ಕರೆಯುತ್ತಿದ್ದವಳು ಎದುರಿಗೆ ಬಂದಾಗ ನನ್ನ ಬಾಯಿ ಬಹುವಚನಕ್ಕೆ ತಿರುಗಿತು. ಅಕ್ಕಾ, ಒಳಗೆ ಬನ್ನಿ ಎಂದು ಓಡಿಹೋಗಿ ಕರೆತಂದು ನನ್ನದೇ ಕುರ್ಚಿಯಲ್ಲಿ ಕೂರಿಸಿದೆ. ಈಗ ಹಿರೇಹಡಗಲಿಯಲ್ಲಿ ತಂಗಿಯ ಮನೆಯಲ್ಲಿ ಇದ್ದಾರಂತೆ. ನಾನು ಯಾವ ಓಣಿಯವಳು, ಯಾವ ಕಿಟಕಿಯವಳು ಎಂದೆಲ್ಲ ಒಂದೇ ಉಸಿರಿಗೆ ಹೇಳಿ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

"ಅಕ್ಕಾ, ನಾವು ಕಿಡಕ್ಯಾಗ ನಿಂತದ್ದು ನಿಮಗ ಹೆಂಗ ಗೊತ್ತಾತ್ರಿ?"

ಅವರು ಜೋರಾಗಿ ನಕ್ಕರು. "ಖರೇ ಹೇಳ್ಲೇನು? ಮೊದಲನೇ ಸಲ ನಾ ಕರದದ್ದು ನಿಮ್ಮನ್ನಲ್ಲವ್ವ. ಬಸಣ್ಣನ ಖೋಲಿಗೆ ಒಂದು ಕಿಡಕಿ ಇತ್ತು, ಕ್ಯಾಮೆರಾದ ಹಿಂದ. ಶೂಟಿಂಗ್ ನೋಡಾಕಂತ ಆ ಓಣಿ ಹುಡುಗ್ರು ಬಿಸಲಾಗ ನಿಂತಿದ್ವು. ನೋಡಾಕ ಆಗಲಿಲ್ಲ, ಕರದೆ. ಅವು ಬಂದು ಕುಂದ್ರೋತನಕ ಸುಮ್ಮನಿದ್ದೆ, ಅಷ್ಟ. ಊರಾಗ ಏನಾಗೈತಿ ಅಂತ ಗೊತ್ತಾಗಿದ್ದು ಬಸಣ್ಣ ಬಂದು ಜಗಳ ತಗದ ಮ್ಯಾಲ."

ನನಗೆ ನಗು ಬಂತು, ಅದರ ಹಿಂದೆಯೇ ಸ್ವಲ್ಪ ಪೆಚ್ಚೂ ಆದೆ. ಇಷ್ಟು ವರ್ಷ ನಾನು ಹೆಮ್ಮೆಪಟ್ಟುಕೊಂಡ ಆ ಕಣ್ಣು ನೋಡಿದ್ದು ನಮ್ಮನ್ನಲ್ಲ, ಬೇರೆ ಯಾವುದೋ ಓಣಿಯ ಮಕ್ಕಳನ್ನು.

"ಹಂಗಾರ ಎರಡನೇ ವಾರನೂ ಆ ಹುಡುಗರನ್ನ ಕರದ್ರೇನು?"

ಗಿರಿಜಕ್ಕ ಬೆರಳು ಮುಂದೆ ಚಾಚಿದರು, ಚುಚ್ಚು ಎನ್ನುವಂತೆ. "ಎರಡನೇ ವಾರ ಆ ಕಿಡಕ್ಯಾಗ ಯಾರೂ ಇರಲಿಲ್ಲ. ಬಸಣ್ಣ ಕದ ಹಾಕಿಸಿದ್ದ. ಸ್ವಿಚ್ಚಿನ ಮ್ಯಾಲ ಕೈ ಇಟಗೊಂಡು ನನ್ನ ಮುಂದ ನಿಂತಿದ್ದ. ಯಾಕ ಆರಸಲಿಲ್ಲ ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಎರಡನೇ ವಾರ ಕರದದ್ದು ನಿಮ್ಮನ್ನ."

ನಾನು ಸಾವಿರಾರು ಬೆರಳುಗಳಿಗೆ ಚುಚ್ಚಿರಬೇಕು. ಆ ಬೆರಳನ್ನು ಮಾತ್ರ ಹತ್ತಿಯಿಂದ ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತ ನಿಂತೆ. "ಸಾವಕಾಶ ಚುಚ್ಚವ್ವ, ನಾ ಕಾಯ್ತೀನಿ" ಎಂದರು ಗಿರಿಜಕ್ಕ.

ಅವರನ್ನು ಬಸ್ಸಿಗೆ ಹತ್ತಿಸಿ ಬಂದು ನೋಡಿದರೆ ನಮ್ಮ ಕಿಟಕಿಯ ಹೊರಗೆ ಬಿಸಿಲಲ್ಲಿ ಜನ ನಿಂತಿದ್ದರು, ದಿನಾ ನಿಲ್ಲುವ ಹಾಗೆಯೇ. ಒಳಗೆ ಫ್ಯಾನಿನ ಕೆಳಗೆ ಎರಡು ಬೆಂಚು ಖಾಲಿ ಬಿದ್ದಿದ್ದವು. ಇಷ್ಟು ವರ್ಷ ನಾನು ಆ ಸರಳುಗಳ ಈ ಕಡೆ ಕೂತು ಚೀಟಿ ಇಸಿದುಕೊಂಡಿದ್ದೇನೆ. ನನ್ನ ಗಂಟಲಿನಿಂದ ನನ್ನದಲ್ಲದ ದನಿಯೊಂದು ಬಂತು.

"ಕಿಡಕ್ಯಾಗ ನಿಂತೋರು ಒಳಗ ಬರ್ರಿ. ಕುಂದರ್ರಿ. ನೀವು ಕುಂತ ಮ್ಯಾಲ ಕೆಲಸ ಶುರು ಮಾಡ್ತೀನಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕಾದೆ. ಬಂದರು. ಈಗ ದಿನಾ ಬರುತ್ತಾರೆ. ಮೊನ್ನೆ ಲ್ಯಾಬಿನ ಮಾಲೀಕರು ಬಂದವರು ಬೆಂಚು ತುಂಬಿದ್ದನ್ನು ಕಂಡು, "ಇವರನ್ನೆಲ್ಲ ಒಳಗ ಕುಂದ್ರಸು ಅಂತ ಯಾರು ಹೇಳಿದ್ರವ್ವ ನಿನಗ?" ಎಂದರು.

"ಗಿರಿಜಕ್ಕ ಹೇಳ್ಯಾಳ್ರಿ."

"ಯಾವ ಗಿರಿಜಕ್ಕ?"

ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಬೆಂಚಿನ ತುದಿಯಲ್ಲಿ ಕೂತಿದ್ದ, ಹೆಚ್ಚುಕಡಿಮೆ ನನ್ನ ವಯಸ್ಸಿನ ಒಬ್ಬ ಹೆಂಗಸು ನನ್ನನ್ನೇ ದಿಟ್ಟಿಸಿ ನೋಡಿದಳು. ಅವಳ ಚೀಟಿಯಲ್ಲಿ ಊರು ಕೊಟ್ಟೂರು ಎಂದಿತ್ತು. ಅವಳು ಮೆಲ್ಲಗೆ ಸರಿದು, ಮಾಲೀಕರಿಗೆ ಕೂರಲು ಜಾಗ ಬಿಟ್ಟಳು.