ಖಾಲಿ ಟ್ಯಾಂಕಿನಿಂದ ಬಂದ ದನಿ

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಗುತ್ತಿದ್ದವಳು ನಾನು. ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಅಮ್ಮ ಅಂಥ ಕಥೆ ಶುರು ಮಾಡಿದರೆ ತಟ್ಟೆ ಎತ್ತಿಕೊಂಡು ಎದ್ದುಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನೀವು ಏನು ಬೇಕಾದರೂ ಅಂದುಕೊಳ್ಳಿ.

ಆಗ ನಾನು ನಮ್ಮೂರಿನದೇ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ಡೈರಿಯಲ್ಲಿ ಆಪರೇಟರ್ ಆಗಿದ್ದೆ. ಹಾಲಿನ ಟ್ಯಾಂಕು, ಪೈಪುಗಳನ್ನು ಬಿಚ್ಚದೆ ಇದ್ದಲ್ಲೇ ತೊಳೆಸುವುದು ನನ್ನ ಕೆಲಸ. ಪರದೆಯ ಮೇಲೆ ಗುಂಡಿ ಒತ್ತಿದರೆ ಸಾಕು. ಮೊದಲು ತಣ್ಣೀರು, ಆಮೇಲೆ ಮೈಮೇಲೆ ಬಿದ್ದರೆ ಚರ್ಮ ಸುಲಿಯುವಂಥ ಬಿಸಿ ಕಾಸ್ಟಿಕ್ ಸೋಡಾ ನೀರು, ನಂತರ ಆಸಿಡ್, ಕೊನೆಗೆ ಮತ್ತೆ ನೀರು. ಎಲ್ಲವೂ ಟ್ಯಾಂಕಿನ ನೆತ್ತಿಯಿಂದ ತಾನಾಗಿಯೇ ಸುರಿಯುತ್ತದೆ. ಈ ಮೆಷಿನ್ ಬರುವ ಮುಂಚೆ ಅಲ್ಲಿನ ಹಳೇ ಕೆಲಸಗಾರ ಮಹದೇವಣ್ಣ ಟ್ಯಾಂಕಿನೊಳಗೆ ಇಳಿದು ಬ್ರಷ್ಷಿನಿಂದ ಉಜ್ಜುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಪಂಪು, ವಾಲ್ವು ನೋಡಿಕೊಳ್ಳುತ್ತಿದ್ದರು. ಟಿ. ನರಸೀಪುರದ ಕಡೆಯವರು. ಉಳಿದವರಿಗೆಲ್ಲ ನಾನು ಮೇಡಂ, ಅವರಿಗೆ ಮಾತ್ರ ಕೂಸು.

ಅವತ್ತು ನಾನು ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿದ ಮೇಲೆ ಅವರೇ ಮುಚ್ಚಳ ಬಿಗಿದರು. “ಸುರು ಮಾಡವ್ವ, ನಾನು ಉಂಡ್ಕಂಡು ಬತ್ತೀನಿ” ಎಂದು ಕ್ಯಾಂಟೀನಿಗೆ ಹೋದರು. ಅವರು ಹೋದದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ತಣ್ಣೀರು ಮುಗಿದು ಕಾಸ್ಟಿಕ್ ಶುರುವಾಗಿತ್ತು. ಟ್ಯಾಂಕಿನ ಒಳಗಿನಿಂದ ಬಡಿದ ಸದ್ದು ಕೇಳಿಸಿತು. ಬಿಸಿಗೆ ಪೈಪು ಹಿಗ್ಗಿದಾಗ ಸದ್ದಾಗುವುದುಂಟು, ಸುಮ್ಮನಿದ್ದೆ. ಮತ್ತೆ ಬಡಿತ, ಈ ಸಲ ಅಂಗೈಯಿಂದ ಬಡಿದಂತೆ, ಗಾಬರಿಯಲ್ಲಿ. ಜೊತೆಗೇ ದನಿ.

“ಕೂಸೇ, ನಿಲ್ಸವ್ವ! ಒಳ್ಗೆ ನಾನಿವ್ನಿ!”

ಕೆಂಪು ಗುಂಡಿಯನ್ನು ಗುದ್ದಿದೆ. ಪಂಪು ನಿಂತಿತು. ಗ್ಲೌಸು, ಕನ್ನಡಕ ಹಾಕಿಕೊಂಡು ಏಣಿ ಹತ್ತಿದೆ. ಮುಚ್ಚಳ ತೆಗೆದರೆ ಮೂಗು ಉರಿಸುವ ಹಬೆ. ಅದು ಸ್ವಲ್ಪ ತಿಳಿಯಾದ ಮೇಲೆ ಟಾರ್ಚ್ ಬಿಟ್ಟೆ. ಉಕ್ಕಿನ ಗೋಡೆಯ ಮೇಲೆ ನೀರು ಇಳಿಯುತ್ತಿತ್ತು, ಅಷ್ಟೆ. ಯಾರೂ ಇರಲಿಲ್ಲ. ಸಮಾಧಾನ ಆಗಬೇಕಿತ್ತು. ನನಗೆ ನಿಜವಾಗಿ ಹೆದರಿಕೆ ಹತ್ತಿದ್ದೇ ಆಗ.

ಕ್ಯಾಂಟೀನಿಗೆ ಓಡಿದೆ. ಮಹದೇವಣ್ಣ ಬೆಂಚಿನ ಮೇಲೆ ಕೂತಿದ್ದರು. ಅಂಗಿಯೆಲ್ಲ ಬೆವರಿಗೆ ಒದ್ದೆ. ಊಟ ಬಡಿಸುವ ಜಯಮ್ಮ ಅವರ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು.

“ಉಂಡು ಹಂಗೇ ಒರಗಿದ್ರು ಮೇಡಂ. ನಿದ್ದೇಲಿ ಕೈ ಬಡ್ಕಳಕ್ಕೆ ಸುರು ಮಾಡ್ಬುಟ್ರು. ಎಷ್ಟು ಅಲ್ಲಾಡ್ಸಿದ್ರೂ ಏಳ್ನಿಲ್ಲ. ಮೈ ಮುಟ್ಟಿದ್ರೆ ಕೆಂಡ. ಈಗ್ ತಾನೇ ಕಣ್ಬುಟ್ರು.”

ನಾನಿನ್ನೂ ಒಂದು ಮಾತೂ ಆಡಿರಲಿಲ್ಲ. ಮಹದೇವಣ್ಣ ನನ್ನನ್ನೇ ನೋಡುತ್ತಾ, “ಮುಚ್ಚಳ ತೆಗ್ದೋಳು ನೀನೇಯಾ?” ಎಂದರು.

ಹೌದು ಎಂದು ತಲೆಯಾಡಿಸಿದೆ.

“ಬೆಳಕು ಬಿತ್ತು” ಎಂದಷ್ಟೇ ಹೇಳಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಕೆಲಸ ನಿಲ್ಲಿಸಿದ್ದಕ್ಕೆ ಮ್ಯಾನೇಜರ್ ಮರುದಿನ ರೇಗಿದರು. ಕಾಯ್ದ ಉಕ್ಕು ಸದ್ದು ಮಾಡಿದೆ, ನಿಮಗೆ ಮಾತಿನಂತೆ ಕೇಳಿಸಿದೆ ಎಂದರು. ಮಹದೇವಣ್ಣನದು ಜ್ವರದ ಕನಸು, ಹಳೇ ಕೆಲಸದ ನೆನಪು ಎಂದರು. ಬೇರೆ ಬೇರೆಯಾಗಿ ನೋಡಿದರೆ ಎರಡನ್ನೂ ಒಪ್ಪುತ್ತೇನೆ. ಆದರೆ ಮುಚ್ಚಳದ ವಿಷಯ ಮಹದೇವಣ್ಣನಿಗೆ ಹೇಳಿದವರು ಯಾರು? ಕ್ಯಾಂಟೀನಿನಿಂದ ಟ್ಯಾಂಕು ಕಾಣುವುದೇ ಇಲ್ಲ.

ಆಮೇಲೆ ಮಹದೇವಣ್ಣ ಟ್ಯಾಂಕಿನ ಹತ್ತಿರ ಸುಳಿಯಲಿಲ್ಲ. ಕೇಳಿಕೊಂಡು ಪ್ಯಾಕಿಂಗ್ ಕಡೆಗೆ ಹೋದರು. ಆ ಮಾತನ್ನು ಮತ್ತೆ ಎತ್ತಿದ್ದು ಒಂದೇ ಸಲ, ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ.

“ನೀನು ನಿಲ್ಸ್ದೆ ಇದ್ದಿದ್ರೆ ನಾನು ಏಳ್ತಿದ್ನಾ ಕೂಸೇ?”

ಏನಾದರೂ ಧೈರ್ಯದ ಮಾತು ಹೇಳಬೇಕಿತ್ತು. ಗೊತ್ತಿಲ್ಲ ಮಹದೇವಣ್ಣ ಎಂದೆ. ಅವರು ತಲೆದೂಗಿ ಬಸ್ ಹತ್ತಿದರು.