ಎಣ್ಣೆಗೈ ಹಿಡಿದ ಸಿಸ್ಟರು

ನನ್ನ ಸೊಸೆಯನ್ನು ಕೊಲ್ಲಲು ಹೊರಟವಳು ನಾನೇ. ಬೇರೆ ಮಾತಿಲ್ಲ. ತಡೆದವರು ಕೆಳಗಿನ ಮನೆಯ ಸಿಸ್ಟರು.

ಅವರ ಹುಬ್ಬು ಸುಣ್ಣದ ಗೀಟು ಎಳೆದಷ್ಟು ಬೆಳ್ಳಗೆ. ಅದರ ಕೆಳಗಿನ ಕಣ್ಣು ಎದುರಿಗಿದ್ದವರ ಮುಖ ಬಿಟ್ಟು ಕದಲುತ್ತಿರಲಿಲ್ಲ. ಬೀದರ ಕಡೆಯವರು. ದೊಡ್ಡಾಸ್ಪತ್ರೆಯಲ್ಲಿ ಅಪಘಾತದವರ ವಾರ್ಡಿನ ನರ್ಸಾಗಿ ದುಡಿದು, ಆಮೇಲೆ ಹಿಮಾಯತ್‌ನಗರದ ನಮ್ಮ ಕಟ್ಟಡಕ್ಕೆ ಬಂದವರು. ತರಕಾರಿಯವನನ್ನೂ ನಿಲ್ಲಿಸಿ ನಾಲಿಗೆ ತೋರಿಸು ಅನ್ನುವರು.

"ಸಿಸ್ಟರ, ನೀವು ರಿಟೈರ್ ಆದ್ರಿ, ನಿಮ್ಮ ಕಣ್ಣು ಆಗ್ಲಿಲ್ಲ ನೋಡ್ರಿ," ಎಂದು ಕೆಣಕಿದರೆ, "ನಿಮ್ಮ ಬಾಯಿ ಆಗ್ಯದೇನ್ರಿ, ಅಕ್ಕಾರ?" ಅನ್ನುವರು.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ತಿಕ್ಕಿದರೆ ಉಳುಕು ಬಿಡುತ್ತದಂತೆ. ಗಲ್ಲಿಯವರೆಲ್ಲ ಕುತ್ತಿಗೆ, ಸೊಂಟ ಹಿಡಿದುಕೊಂಡು ನನ್ನ ಬಾಗಿಲಿಗೇ ಬರುತ್ತಿದ್ದರು. ನನಗೂ ಜಂಬವಿತ್ತು.

ಒಂದು ದಿನ ಕೋಠಿ ಬಜಾರಿನಲ್ಲಿ ಸೊಸೆಯ ದುಪಟ್ಟಾ ಸ್ಕೂಟರಿನ ಚಕ್ರಕ್ಕೆ ಸಿಕ್ಕಿ ಕುತ್ತಿಗೆ ಜಗ್ಗಿತು. ಕೆಂಪು ಗೆರೆ ಬಿಟ್ಟರೆ ರಕ್ತವಿಲ್ಲ, ಏನಿಲ್ಲ. ಮುಲಾಮು ಹಚ್ಚಿ ಸುಮ್ಮನಾದೆವು. ಮೂರನೆಯ ದಿನ ಕುತ್ತಿಗೆಯ ಎಡಕ್ಕೆ, ಎಡಗಣ್ಣಿನ ಹಿಂದೆ ನೋವು ಅಂದಳು. ಹರಳೆಣ್ಣೆ ಬಿಸಿ ಮಾಡಿ, ಅವಳ ಗದ್ದ ಹಿಡಿದು ಕುತ್ತಿಗೆ ತಿರುವಲಿಕ್ಕೆ ಕೂತೆ. ಕರಿಬೇವು ಕೇಳಲು ಬಂದ ಸಿಸ್ಟರು ಬಾಗಿಲಲ್ಲೇ ನಿಂತು ಅವಳನ್ನು ದಿಟ್ಟಿಸಿದರು.

"ಹಂಗ ನೋಡಬ್ಯಾಡ್ರಿ, ದೃಷ್ಟಿ ತಾಗೀತು," ಅಂದೆ.

ಒಳಗೆ ಬಂದವರೇ ನನ್ನ ಮಣಿಕಟ್ಟು ಹಿಡಿದರು. "ಕೈ ತಗೀರಿ, ಅಕ್ಕಾರ. ಎಡಗಣ್ಣಿನ ರೆಪ್ಪಿ ಇಳದದ. ಪಾಪೆ ಸಣ್ಣಾಗ್ಯದ."

"ನಿದ್ದಿಗೆಟ್ಟಾಳ್ರಿ. ದುಪಟ್ಟಾ ಜಗ್ಗಿದ್ದಕ್ಕ ರಕ್ತ ಸೈತ ಬಂದಿಲ್ಲ."

"ನಿದ್ದಿಗೆಟ್ರ ಎರಡೂ ಕಣ್ಣು ಇಳೀತಾವ. ರಕ್ತ ಹೊರಗ ಬರಲಿಲ್ಲಂದ್ರ ಗಾಯ ಇಲ್ಲಂತೇನು?"

ತಲೆ ಅಲುಗದಂತೆ ಟವೆಲ್ ಸುತ್ತಿ, ತಾವೇ ಜೊತೆ ಕೂತು ಆಸ್ಪತ್ರೆಗೆ ಒಯ್ದರು. ಅಲ್ಲಿ ಔಷಧಿ ಚುಚ್ಚಿ ಸ್ಕ್ಯಾನ್ ತೆಗೆದರು. ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು. ಪಕ್ಕದ ನರ ಒತ್ತಿಯೇ ರೆಪ್ಪೆ ಇಳಿದದ್ದಂತೆ. ತಿರುವಿದ್ದರೆ ಆ ಹೆಪ್ಪು ಮಿದುಳಿಗೆ ಹೋಗಿ ಲಕ್ವಾ ಹೊಡೆಯುತ್ತಿತ್ತು, ಇಲ್ಲ ಜೀವವೇ ಹೋಗುತ್ತಿತ್ತು ಎಂದರು ಡಾಕ್ಟರು. ಕೊಯ್ಯಲಿಲ್ಲ. ಆಸ್ಪತ್ರೆಯಲ್ಲೇ ಇಟ್ಟುಕೊಂಡು ಹೆಪ್ಪುಗಟ್ಟದ ಹಾಗೆ ಔಷಧಿ ಕೊಟ್ಟರು. ಕೆಲವು ತಿಂಗಳಲ್ಲಿ ನಾಳ ಕೂಡಿಕೊಂಡಿತು.

ಸಿಸ್ಟರು ಆಮೇಲೆ ಎರಡು ವರ್ಷ ಬದುಕಿದ್ದರು. ಒಂದು ದಿನವೂ ಅದನ್ನು ನನ್ನೆದುರು ಎತ್ತಿ ಆಡಲಿಲ್ಲ. ನಾನಾಗಿದ್ದರೆ ದಿನಾ ಆಡುತ್ತಿದ್ದೆ.

ಸ್ಕ್ಯಾನಿನ ಮರುದಿನ ಬೆಳಿಗ್ಗೆ, ನಮ್ಮ ಗಲ್ಲಿಯಲ್ಲಿ ಹೂ ಮಾರುವ ಕಲಬುರ್ಗಿಯಾಕೆ ಕುತ್ತಿಗೆ ಓರೆ ಮಾಡಿಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು.

"ಇನ್ನ ಕುತ್ತಿಗಿ ಮುಟ್ಟಾಂಗಿಲ್ಲ," ಅಂದೆ.

"ಕೈ ಸೋತಾವೇನ್ರಿ, ಅಜ್ಜಿ?"

"ಕೈ ಗಟ್ಟಿ ಅದಾವು. ಒಳಗಿಂದು ನನಗ ಕಾಣಂಗಿಲ್ಲ."

ಸೊಸೆಗೆ ಗಂಜಿ ಒಯ್ಯುವ ಆಟೋದಲ್ಲೇ ಹೂವಿನಾಕೆಯನ್ನೂ ಹತ್ತಿಸಿಕೊಂಡು ಆಸ್ಪತ್ರೆಗೆ ಹೋದೆ.